ಹಳೆ ಖಾನಾವಳಿ ದೊಡ್ಡದು ಮಾಡೋದು: ಎಂಜಿನಿಯರ್‌ಗೆ ಕೇಳಿ

ರೋಣದ ಕಡೆಯವರು: ಸರ್, ಅಜ್ಜನ ಕಾಲದ ಖಾನಾವಳಿ. ಮಣ್ಣಿನ ಮಾಳಿಗೆ, ಸಾಗವಾನಿ ಕಂಬ. ಸಂತೆ ದಿನ ಜಾಗ ಸಾಲುವುದಿಲ್ಲ. ನಡುವಿನ ಎರಡು ಕಂಬ ತೆಗೆದು, ಹಿತ್ತಲ ಗೋಡೆ ಒಡೆದು ಆರ್‌ಸಿಸಿ ಹಾಲ್ ಸೇರಿಸಬೇಕು ಅಂತಿದ್ದೇವೆ. ಮುಸುರೆ ತಿಕ್ಕುವ ಕಡೆ ಗೋಡೆಯಲ್ಲಿ ಓರೆ ಬಿರುಕು ಬಂದಿದೆ. ಸಿಮೆಂಟ್ ತುಂಬಿದರೆ ಸಾಕು ಅಂತಾರೆ ಮೇಸ್ತ್ರಿ.

ಎಂಜಿನಿಯರ್: ಕಂಬ ಮುಟ್ಟಬೇಡಿ. ಮೊದಲು ಇದನ್ನು ಮೇಸ್ತ್ರಿಗೆ ಹೇಳಿ, ಆಮೇಲೆ ಮುಂದೆ ಓದಿ.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತೀರಿ, ಹಳೆಯದು ತೆಗೆಯುವುದಿಲ್ಲ, ಅಲ್ವಾ? ಒಂದು ಅಡಿ ದಪ್ಪ ಮಣ್ಣು ಅಂದರೆ ಚದರ ಮೀಟರಿಗೆ ಸುಮಾರು 500 ಕೆಜಿ. ಅಷ್ಟೂ ಭಾರ ಜಂತಿ, ತೊಲೆಯಿಂದ ಆ ಕಂಬಗಳಿಗೇ ಇಳಿಯುತ್ತದೆ. ಒಂದು ಕಡೆ ಕೆದರಿ ದಪ್ಪ ಅಳೆಯಿರಿ.

ಬಿರುಕಿನ ಕಥೆ ಬೇರೆ ಇರಬೇಕು. ನಿಮ್ಮದು ಎರೆ ನೆಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮುಸುರೆ ನೀರು ಒಂದೇ ಮೂಲೆಗೆ ಇಂಗುತ್ತಿದ್ದರೆ ಆ ಮೂಲೆಯ ಪಾಯ ಮಾತ್ರ ಅಲುಗಾಡುತ್ತದೆ. ನೀರನ್ನು ಪೈಪಿನಲ್ಲಿ ದೂರ ಬಿಡಿ. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ತಿಳಿಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡದೆ ಏನೂ ತುಂಬಬೇಡಿ.

ಹಾಲ್ ಕಟ್ಟಿ, ಆದರೆ ಅದು ತನ್ನ ಕಾಲ ಮೇಲೆ ನಿಲ್ಲಲಿ. ಪಾಯ ಎರೆ ಮಣ್ಣು ದಾಟಿ ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಯಲಿ, ಆದರೆ ಹಳೆ ಗೋಡೆಯ ಬುಡದಲ್ಲೇ ತೋಡಬೇಡಿ. ಎರಡರ ನಡುವೆ ಸಂದು ಬಿಡಿ. ಓಡಾಟಕ್ಕೆ ಈಗಿರುವ ಹಿತ್ತಲ ಬಾಗಿಲೇ ಸಾಕು.

ಲಕ್ಷ್ಮೇಶ್ವರದವರು: ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬಹುದಾ?

ಎಂಜಿನಿಯರ್: ಬೇಡ. ತೇವ ಒಳಗೇ ಉಳಿಯುತ್ತದೆ. ಸುಣ್ಣದ ಗಾರೆ ಮಾಡಿಸಿ.

ಶಿಗ್ಗಾಂವಿಯವರು: ನೆಲಕ್ಕೆ ಟೈಲ್ಸೋ ಕಡಪ ಕಲ್ಲೋ?

ಲಕ್ಕುಂಡಿಯವರು: ನಮ್ಮ ಚಹಾದಂಗಡಿ ಗುಡಿ ಪಕ್ಕದಲ್ಲಿದೆ. ಮೇಲೊಂದು ಅಂತಸ್ತು ಏರಿಸಬಹುದಾ?

ಎಂಜಿನಿಯರ್: ಕೇಂದ್ರದ ಸಂರಕ್ಷಿತ ಗುಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಲು ಅನುಮತಿ ಬೇಕು.

ಮುಂಡರಗಿಯವರು: ಫಾರ್ವರ್ಡ್ ಬಂದಿದೆ. ತೊಲೆಯ ಗೆದ್ದಲಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ, ನೂರು ವರ್ಷ ಗ್ಯಾರಂಟಿ!

ಎಂಜಿನಿಯರ್: ಕೆಳಗೆ ಒಲೆ ಉರಿಯುತ್ತದೆ, ಮೇಲೆ ತೊಲೆಗೆ ಎಣ್ಣೆ ಬಳಿಯುತ್ತೀರಾ? ಈ ವಾರ ಇದು ಮೂರನೇ ಸಲ. ಅಳಿಸಿ.

ನರಗುಂದದವರು: ಒಲೆ ಅಂದ್ರೆ ನೆನಪಾಯ್ತು. ಕಟ್ಟಿಗೆ ಒಲೆ ಮಾತ್ರ ತೆಗೆಯಬೇಡಿ. ಗ್ಯಾಸಿನ ರೊಟ್ಟಿ ರೊಟ್ಟಿನೇ ಅಲ್ಲ.

ಹಾನಗಲ್ಲಿನವರು: ರುಚಿ ನಿಮಗೆ, ಹೊಗೆ ರೊಟ್ಟಿ ಬಡಿಯೋರಿಗೆ. ನಮ್ಮವ್ವ ಇಪ್ಪತ್ತು ವರ್ಷ ಕೆಮ್ಮಿದಳು.

ನರಗುಂದದವರು: ಚಿಮಣಿ ಇಡಿಸಬೇಕಿತ್ತು.

ಹಾನಗಲ್ಲಿನವರು: ನೀವು ಬಂದು ಇಡಿಸಬೇಕಿತ್ತು.

ಗದಗಿನವರು: ಸರ್, ಸಿಮೆಂಟ್ ಗಿಲಾವು ಮಾಡಿಸಬಹುದಾ?

ಎಂಜಿನಿಯರ್: ಮೇಲೆ ಓದಿ.

ರೋಣದ ಕಡೆಯವರು: ಸರ್, ಅಳೆದೆವು. ಒಂದೂವರೆ ಅಡಿ ಇದೆ. ಆದರೆ ಮೇಸ್ತ್ರಿ ನಿನ್ನೆಯೇ ಒಂದು ಕಂಬದ ಬುಡ ಕೆದರಿಬಿಟ್ಟಿದ್ದಾರೆ.

ಎಂಜಿನಿಯರ್: ಇವತ್ತು ಒಳಗೆ ಯಾರನ್ನೂ ಊಟಕ್ಕೆ ಕೂರಿಸಬೇಡಿ. ಈಗಲೇ ಫೋನ್ ಮಾಡಿ.

ಶಿಗ್ಗಾಂವಿಯವರು: ಟೈಲ್ಸೋ ಕಡಪವೋ, ಯಾರಾದ್ರೂ ಹೇಳ್ರಿ.