ಕಲ್ಲಿದ್ದಲಿನ ಕಾರಾ? ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ, ಹಾಸನ (ಫಾರ್ವರ್ಡ್): ಎಲೆಕ್ಟ್ರಿಕ್ ಕಾರು ಅಂದರೆ ಕಲ್ಲಿದ್ದಲಿನ ಕಾರು! ಹೊಗೆ ನಿಮ್ಮ ಮನೆ ಮುಂದೆ ಬರಲ್ಲ, ಕರೆಂಟ್ ತಯಾರಿಸುವ ರಾಯಚೂರಿನ ಥರ್ಮಲ್ ಸ್ಟೇಷನ್‌ನಲ್ಲಿ ಬರುತ್ತದೆ. ಮೋಸ ಹೋಗಬೇಡಿ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ, ಹಾಸನ: ಮೋಹನ್ ಅವರೇ, ನಿಮ್ಮ ಹೊಸ ಗಾಡಿ ನೋಡಿ ನಾನೂ ಒಂದು ತಗೊಳ್ಳೋಣ ಅಂದುಕೊಂಡಿದ್ದೆ. ಇದನ್ನು ಓದಿದ ಮೇಲೆ ಬೇಡ ಅನ್ನಿಸಿತು.

ಮೋಹನ್ ಭಾವ: ಇಂಥದ್ದನ್ನೆಲ್ಲ ನಂಬಬೇಡಿ ಮಾವ. ಇದಕ್ಕೆ ಸೈಲೆನ್ಸರೇ ಇಲ್ಲ, ಹೊಗೆ ಎಲ್ಲಿಂದ ಬರಬೇಕು? ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಊರೊಳಗೆ ಅದಕ್ಕೆ 15 ಕಿ.ಮೀ. ಹೋಗುತ್ತೀರಿ. ಅದೇ 9 ಯೂನಿಟ್ ಕರೆಂಟಿಗೆ ಬ್ಯಾಟರಿ ಕಾರು 50 ಕಿ.ಮೀ. ದಾಟುತ್ತದೆ. ಪೆಟ್ರೋಲ್ ಇಂಜಿನ್‌ನಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೋಗಿಬಿಡುತ್ತದೆ.

ಚಿಕ್ಕಪ್ಪ, ಹಾಸನ: ಥರ್ಮಲ್ ಸ್ಟೇಷನ್‌ನಲ್ಲಿ ಶಾಖ ವೇಸ್ಟ್ ಆಗಲ್ವಾ?

ನಾನು: ಆಗುತ್ತದೆ ಚಿಕ್ಕಪ್ಪ. ಕಲ್ಲಿದ್ದಲಿನ ಶಾಖದಲ್ಲಿ ಕರೆಂಟ್ ಆಗುವುದು ಮೂರರಲ್ಲಿ ಒಂದು ಪಾಲು ಮಾತ್ರ. ಭಾವ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದಕ್ಕೇ ಯೂನಿಟ್ ಬಿಟ್ಟು ಇಂಗಾಲದ ಡೈಆಕ್ಸೈಡ್ ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ ಬರುತ್ತದೆ. 15 ಕಿ.ಮೀ. ಮೈಲೇಜ್ ಇದ್ದರೆ ಕಿ.ಮೀ.ಗೆ 150 ಗ್ರಾಂ. ದೇಶದ ಕರೆಂಟ್ ಒಟ್ಟಾರೆ ನೋಡಿದರೆ ಯೂನಿಟ್‌ಗೆ ಸುಮಾರು 700 ಗ್ರಾಂ. ಅದರಲ್ಲಿ ಸಣ್ಣ ಬ್ಯಾಟರಿ ಕಾರು 7 ಕಿ.ಮೀ. ಹೋದರೆ ಕಿ.ಮೀ.ಗೆ 100 ಗ್ರಾಂ. ಫಾರ್ವರ್ಡ್ ಬರೆದವರು ಈ ಲೆಕ್ಕ ಹಾಕಿಯೇ ಇಲ್ಲ.

ಮೋಹನ್ ಭಾವ: ನಾನು ಹೇಳಿದ್ದೂ ಅದೇ ತಾನೇ!

ನಾನು: ಪೂರ್ತಿ ಅದೇ ಅಲ್ಲ ಭಾವ. ನಿಮ್ಮದು ಎರಡು ಟನ್ ಗಾಡಿ. ಯೂನಿಟ್‌ಗೆ 5 ಕಿ.ಮೀ. ಕೊಟ್ಟರೆ 140 ಗ್ರಾಂ ಆಯಿತು. ಲೀಟರ್‌ಗೆ 20 ಕೊಡುವ ಸಣ್ಣ ಪೆಟ್ರೋಲ್ ಕಾರಿನದು 115. ಪೆಟ್ರೋಲ್ ಶುದ್ಧೀಕರಿಸಿ ಬಂಕಿಗೆ ತರುವಾಗ ಆಗುವ ಹೊಗೆಯನ್ನೂ ಸೇರಿಸಿದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ದೊಡ್ಡ ಬ್ಯಾಟರಿ ತಯಾರಿಸಲು ಆಗುವ ಹೊಗೆ ಬೇರೆ. ಟ್ಯಾಂಕಿಗೆ ಏನು ಹಾಕಬೇಕು ಅಂತ ಎಲ್ಲರೂ ಜಗಳ ಆಡುತ್ತೇವೆ. ಗಾಡಿ ಎಷ್ಟು ಭಾರ, ಗಾಳಿಯನ್ನು ಹೇಗೆ ಸೀಳುತ್ತದೆ ಅಂತ ಯಾರೂ ಕೇಳಲ್ಲ. ಈಗ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಸ್‌ಯುವಿ ಥರದವೇ. ನನಗೆ ನಿಜವಾಗಲೂ ಬೇಜಾರಾಗುವುದು ಇದಕ್ಕೆ.

ಮೋಹನ್ ಭಾವ: ಅಮ್ಮನ ವೀಲ್‌ಚೇರ್ ಸಣ್ಣ ಕಾರಲ್ಲಿ ಹಿಡಿಸಲ್ಲ ಕಣಮ್ಮ. ಐದು ಜನ ಬೇರೆ ಇದ್ದೇವೆ.

ನಾನು: ಅದು ನ್ಯಾಯವಾದ ಮಾತು ಭಾವ. ಹಾಗಿದ್ದರೆ ಮೇಲಿನ ಕ್ಯಾರಿಯರ್ ಆದರೂ ಬಿಚ್ಚಿಡಿ. ಖಾಲಿ ಇದ್ದರೂ ಅದು ಗಾಳಿಗೆ ಅಡ್ಡ. ಹಾಸನದ ಹೈವೇಯಲ್ಲಿ 100ರ ಬದಲು 80ರಲ್ಲಿ ಹೋಗಿ ನೋಡಿ. 100ರಲ್ಲಿ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. 2022ರಲ್ಲಿ ಮರ್ಸಿಡಿಸ್‌ನವರು ಇಕ್ಯೂಎಕ್ಸ್ಎಕ್ಸ್ ಅನ್ನುವ ಪ್ರಯೋಗದ ಕಾರನ್ನು ಒಂದೇ ಚಾರ್ಜ್‌ನಲ್ಲಿ ಜರ್ಮನಿಯಿಂದ ದಕ್ಷಿಣ ಫ್ರಾನ್ಸ್‌ವರೆಗೆ, 1000 ಕಿ.ಮೀ.ಗಿಂತ ಜಾಸ್ತಿ, ಓಡಿಸಿದರು. ಬ್ಯಾಟರಿ 100 ಯೂನಿಟ್‌ನದು. ತಗ್ಗಿನ ಮೈಕಟ್ಟು, ಉದ್ದ ಬಾಲ, ಹೆಚ್ಚು ತಡೆ ಕೊಡದ ಟೈರು ಎಲ್ಲ ಸೇರಿ ಅಷ್ಟು ದೂರ ಹೋಯಿತು.

ಚಿಕ್ಕಪ್ಪ, ಹಾಸನ: ಶಿರಾಡಿ ಘಾಟಿ ಹತ್ತುತ್ತದಾ ಅದನ್ನು ಹೇಳು.

ನಾನು: ಹತ್ತುತ್ತದೆ. ಒಂದೂವರೆ ಟನ್ ಗಾಡಿಯನ್ನು 800 ಮೀಟರ್ ಮೇಲಕ್ಕೆ ಎತ್ತಲು 3 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಸಾಕು. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ತುಂಬಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದೆಲ್ಲ ಬ್ರೇಕ್ ಬಿಸಿಯಾಗಿ ಹೋಗುತ್ತದೆ.

ದೊಡ್ಡಪ್ಪ, ಮಂಡ್ಯ: ನಮ್ಮ ಕಬ್ಬಿನ ಎಥನಾಲ್ ಮರೆತೇಬಿಟ್ಟಿರಾ? ಪೆಟ್ರೋಲ್‌ಗೆ 20 ಪರ್ಸೆಂಟ್ ಬೆರೆಸುತ್ತಿದ್ದಾರೆ. ಹೊರದೇಶಕ್ಕೆ ಹೋಗುವ ದುಡ್ಡು ರೈತನಿಗೆ ಬರಲಿ.

ನಾನು: ರೈತರಿಗೆ ದುಡ್ಡು ಬರಲೇಬೇಕು ದೊಡ್ಡಪ್ಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಕಬ್ಬು ಕುಡಿಯುವ ನೀರು ಎಷ್ಟು ಅಂತ ನಿಮಗೆ ನಾನು ಹೇಳಬೇಕಾ? ಕೆಆರ್‌ಎಸ್ ತುಂಬದ ವರ್ಷ ನಾಲೆಗೆ ನೀರು ಬಿಡಿ ಅಂತ ನೀವೇ ರಸ್ತೆಗೆ ಇಳಿಯುತ್ತೀರಿ. ಆ ನೀರನ್ನು ಕಾರಿಗೆ ಹಾಕುವುದು ನನಗಂತೂ ಸರಿ ಕಾಣಲ್ಲ.

ದೊಡ್ಡಪ್ಪ, ಮಂಡ್ಯ: ನೀರಿನ ಮಾತು ಸರಿ. ಬೇರೆ ಬೆಳೆಗೆ ಬೆಲೆ ಕೊಡಿಸು, ನಾಳೆಯೇ ಕಬ್ಬು ಬಿಡುತ್ತೇನೆ.

ಚಿಕ್ಕಪ್ಪ, ಹಾಸನ: ಪುಟ್ಟಿ, ನಮ್ಮದು ದಿನಾ ಆಲೂರಿಗೆ ಹೋಗಿ ಬರೋದು, 30 ಕಿ.ಮೀ. ಒಳಗೆ. ಇಬ್ಬರೇ.

ನಾನು: ಹಾಗಾದರೆ ಸಣ್ಣ ಬ್ಯಾಟರಿ ಕಾರು ಸಾಕು ಚಿಕ್ಕಪ್ಪ. ದಿನಕ್ಕೆ 5 ಯೂನಿಟ್ ಒಳಗೆ ಮುಗಿಯುತ್ತದೆ. ತಾರಸಿ ಮೇಲೆ 2 ಕಿಲೋವಾಟ್ ಸೋಲಾರ್ ಹಾಕಿಸಿದರೆ ಬಿಸಿಲಿನ ದಿನ 8 ಯೂನಿಟ್‌ವರೆಗೆ ಬರುತ್ತದೆ. ಆಗ ರಾಯಚೂರಿನ ಮಾತೇ ಬರಲ್ಲ.

ಚಿಕ್ಕಪ್ಪ, ಹಾಸನ: ಮಳೆಗಾಲದಲ್ಲಿ ಇಲ್ಲಿ ಬಿಸಿಲೆಲ್ಲಿ? ರಾತ್ರಿ ಚಾರ್ಜ್ ಮಾಡೋದು ಹೇಗೆ?

ನಾನು: ನೆಟ್ ಮೀಟರ್ ಹಾಕಿಸಿ. ಹಗಲು ಉಳಿದ ಕರೆಂಟ್ ಲೈನಿಗೆ ಹೋಗುತ್ತದೆ, ರಾತ್ರಿ ನೀವು ತಗೊಂಡಿದ್ದರಲ್ಲಿ ಅದನ್ನು ಕಳೆಯುತ್ತಾರೆ. ಮಳೆಗಾಲದಲ್ಲಿ ಸ್ವಲ್ಪ ಬಿಲ್ ಬರುತ್ತದೆ, ಅದು ನಿಜ.

ಚಿಕ್ಕಪ್ಪ, ಹಾಸನ: ಸೋಮವಾರ ಕೆಇಬಿಗೆ ಹೋಗಿ ವಿಚಾರಿಸುತ್ತೇನೆ. ಮೋಹನ್ ಅವರೇ, ಭಾನುವಾರ ಬರುವಾಗ 80ರಲ್ಲೇ ಬನ್ನಿ. ಎಷ್ಟು ಯೂನಿಟ್ ಆಯಿತು ಅಂತ ಫೋಟೋ ಹಾಕಿ.