ಗಾರ್ಮೆಂಟ್ಸ್ ಹೆಣ್ಮಕ್ಳ ಟ್ರೈನಿಂಗು, ಲಾಭ ಯಾರ ಪಾಲಿಗೆ?

ಕೆಂಗೇರಿ ಕಿರಣ: ಎಂಬಿಎ ಪ್ರಾಜೆಕ್ಟಿಗೆ ಅಂತ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಬರೆದಿರೋ ಪೇಪರ್ ಓದಿದೆ, 2023ರಲ್ಲಿ ಜರ್ನಲ್ ಆಫ್ ಪೊಲಿಟಿಕಲ್ ಎಕಾನಮೀಲಿ ಬಂದಿದೆ. ಬೆಂಗಳೂರಿನ 5 ಗಾರ್ಮೆಂಟ್ಸ್ ಫ್ಯಾಕ್ಟರೀಲಿ ಟ್ರೈನಿಂಗ್ ಬೇಕು ಅಂದ ಹೆಣ್ಮಕ್ಕಳಲ್ಲಿ ಲಾಟರಿ ಎತ್ತಿ, ಹೆಸರು ಬಂದವ್ರಿಗೆ ಮಾತ್ರ ಕಲಿಸಿದ್ರು. ಹೊಲಿಗೆ ಅಲ್ಲ, ಧೈರ್ಯವಾಗಿ ಮಾತಾಡೋದು, ಟೈಮ್ ಹೊಂದಿಸ್ಕೊಳ್ಳೋದು ಇಂಥದ್ದು. ಮುಗಿದ್ಮೇಲೆ ಅವ್ರ ಕೆಲ್ಸ ಉಳಿದವ್ರಿಗಿಂತ ಶೇ 13.5 ಜಾಸ್ತಿ, 8 ತಿಂಗಳಿಗೇ ಕಂಪನಿಗೆ ಹಾಕಿದ ದುಡ್ಡಿನ ಮೇಲೆ ಶೇ 258 ನಿವ್ವಳ ಲಾಭ!! ಟ್ರೈನಿಂಗ್ ದಂಡದ ಖರ್ಚು ಅನ್ನೋರು ಇದನ್ನ ಓದ್ಲೇಬೇಕು

ಸವಿತಾ_ಆರ್: ಸಂಬಳ ಎಷ್ಟು ಏರ್ತು ಅಂತ ಬರೀಲೇ ಇಲ್ವಲ್ಲ?

ಕೆಂಗೇರಿ ಕಿರಣ: ಶೇ 0.5 ಅಕ್ಕಾ

ಸವಿತಾ_ಆರ್: ಅರ್ಧ ಪರ್ಸೆಂಟು. ನಮ್ಮಮ್ಮ 19 ವರ್ಷ ಟೈಲರ್ ಆಗಿದ್ರು, ಕಾಲರ್ ಕೂರಿಸೋದ್ರಲ್ಲಿ ಲೈನಿಗೇ ಅವ್ರ ಕೈ ಮುಂದೆ, ಆದ್ರೂ ನಿನ್ನೆ ಸೇರಿದ ಹುಡುಗಿಗೂ ಅವ್ರಿಗೂ ಕೆಲವು ನೂರು ರೂಪಾಯಿ ಅಷ್ಟೇ ವ್ಯತ್ಯಾಸ.

ಲೈನ್ ಮಾಸ್ಟರ್: ನಾನು ಸೂಪರ್‌ವೈಸರ್ ಆಗಿದ್ದವ್ನು, ಆ 13.5 ಎಲ್ಲಿಂದ ಬರುತ್ತೆ ಅಂತ ಹೇಳ್ತೀನಿ ಕೇಳಿ. ಮಷಿನ್ ಕೈಕೊಟ್ರೆ ಬೈತಾರೆ ಅಂತ ಹೆದರಿ ಹುಡುಗಿ ಮೆಕ್ಯಾನಿಕ್‌ನ ಕರೆಯಲ್ಲ, ಅವಳ ಹತ್ರ ಬಂಡಲ್ ರಾಶಿ ಬೀಳುತ್ತೆ, ಮುಂದಿನ 4 ಜನ ಖಾಲಿ ಕೂರ್ತಾರೆ, ಸಂಜೆ ಟಾರ್ಗೆಟ್ ಹೋಯ್ತು ಅಂತ ನಾನು ಕೂಗಾಡ್ತೀನಿ. ಬಾಯಿಬಿಟ್ಟು ಕೇಳೋಳು ಒಬ್ಳಿದ್ರೆ ಇಡೀ ಲೈನ್ ಓಡುತ್ತೆ. ಕೂಗಾಡ್ತಿದ್ದ ನನಗೇ ಆ ಟ್ರೈನಿಂಗ್ ಮೊದ್ಲು ಬೇಕಿತ್ತು, ಇದು ನಿಜವಾಗ್ಲೂ ಹೇಳ್ತಿರೋದು

ಎಚ್‌ಆರ್ ಪ್ರಸಾದ್: ಸವಿತಾ ಮೇಡಂ, ನಮ್ಮಿಂದ ಬಟ್ಟೆ ಕೊಳ್ಳೋ ಬೈಯರ್ ರೇಟ್ ಹಿಂಡ್ತಾನೆ, ಕನಿಷ್ಠ ವೇತನ ಸರ್ಕಾರ ಕಟ್ಟುತ್ತೆ, ನಮ್ಮ ಕೈಲಿರೋದು ಕಡಿಮೆ. ಅಧ್ವರ್ಯು, ನೈಷಧಂ ಇರೋ ಇನ್ನೊಂದು ಸ್ಟಡೀಲಿ, ಸಂಬಳ ಏರಿಕೆ ನಿರೀಕ್ಷೆಗಿಂತ ಕಮ್ಮಿ ಬಂದಾಗ ಸರ್ವೆ ಮಾಡಿ ಅಭಿಪ್ರಾಯ ಕೇಳಿದ್ದಕ್ಕೇ ಕೆಲ್ಸ ಬಿಡೋರು ಶೇ 20ರಷ್ಟು ಕಮ್ಮಿ ಆದ್ರು. ಮಾತಿಗೂ ಬೆಲೆ ಇದೆ.

ಸವಿತಾ_ಆರ್: ಬೆಲೆ ಇದೆ ಸರ್, ಕೇಳಿದ್ದು ಒಳ್ಳೇದೇ. ಆದ್ರೆ ಕೇಳಿ ಸುಮ್ನಿದ್ರೆ? 2016ರ ಏಪ್ರಿಲಲ್ಲಿ ಪಿಎಫ್ ದುಡ್ಡು ಪೂರ್ತಿ ತೆಗೆಯೋಕೆ ಬಿಡಲ್ಲ ಅಂದಾಗ ಇದೇ ಹೆಣ್ಮಕ್ಳು ಹೊಸೂರು ರೋಡಿಗೆ ಇಳಿದಿದ್ದು, ಕೇಂದ್ರ ಸರ್ಕಾರ ಆ ನಿಯಮಾನೇ ವಾಪಸ್ ತಗೊಳ್ತು. ಬಾಯಿ ಇಲ್ದೋರೇನಲ್ಲ ಅವ್ರು.

ಲೈನ್ ಮಾಸ್ಟರ್: ಇಷ್ಟೆಲ್ಲ ಕಲ್ತವ್ರು ಬೇರೆ ಕಂಪನಿಗೆ ಯಾಕೆ ಹೋಗ್ಲಿಲ್ಲ ಕಿರಣ್?

ಕೆಂಗೇರಿ ಕಿರಣ: ಬಿಟ್ಟು ಹೋಗೋರ ಪ್ರಮಾಣದಲ್ಲಿ ವ್ಯತ್ಯಾಸ ಇಲ್ಲ ಅಂತಿದೆ ಸರ್. ದುಡಿಮೆಗೂ ಸಂಬಳಕ್ಕೂ ಇಷ್ಟು ಅಂತರ ಉಳ್ಯೋಕೆ ಕೆಲ್ಸದ ಮಾರ್ಕೆಟ್ಟಿನ ಅಡೆತಡೆಗಳೇ ಕಾರಣ ಅಂತ ಅವ್ರ ಅಂದಾಜು.

ಸವಿತಾ_ಆರ್: ಮಕ್ಕಳ ಸ್ಕೂಲು, ಬಾಡಿಗೆ ಮನೆ, ನಡ್ಕೊಂಡು ಹೋಗೋ ದೂರ. ಹೋದ್ರೂ ಪಕ್ಕದ ಗೇಟಲ್ಲೂ ಅದೇ ಸಂಬಳ. ಪ್ರಸಾದ್ ಸರ್, ಬೈಯರ್ ಹಿಂಡ್ತಾನೆ ಅಂದ್ರಿ ಒಪ್ಪಿದೆ, ಆದ್ರೆ ಈ ಶೇ 258 ಬೈಯರ್‌ಗೆ ಹೋಗಿದ್ದಲ್ವಲ್ಲ, ಕಂಪನಿಗೇ ಬಂದಿದ್ದು. ಟ್ರೈನಿಂಗ್ ಮುಗಿಸಿದವ್ರಿಗೆ ಒಂದು ಗ್ರೇಡ್ ಮೇಲೆ ಹಾಕೋಕೆ ಯಾರ ಪರ್ಮಿಷನ್ ಬೇಕು?

ಎಚ್‌ಆರ್ ಪ್ರಸಾದ್: ಯಾರದ್ದೂ ಬೇಡ ಮೇಡಂ. ಅದು ಮ್ಯಾನೇಜ್‌ಮೆಂಟ್ ಮನಸ್ಸು ಮಾಡಿದ್ರೆ ಆಗುತ್ತೆ.

ಕೆಂಗೇರಿ ಕಿರಣ: ಅಕ್ಕಾ, ಪ್ರೆಸೆಂಟೇಷನ್‌ನಲ್ಲಿ 258ರ ಪಕ್ಕದಲ್ಲೇ ಆ 0.5 ಹಾಕ್ತೀನಿ, ಅದೇ ಸೈಜಲ್ಲಿ.