ಡಿಡಿಸಿ112: ಇಂಟಿಗ್ರೇಷನ್ ಮೋಡ್ ಬದಲಾಯಿಸುವುದು ಹೇಗೆ?

ಪ್ರಶ್ನೆ:
ಫೋಟೋಡಯೋಡ್ (ಬೆಳಕಿಗೆ ತಕ್ಕಂತೆ ಕರೆಂಟ್ ಕೊಡುವ ಭಾಗ) ಕರೆಂಟನ್ನು ಅಂಕಿಗೆ ಬದಲಾಯಿಸುವ ಡಿಡಿಸಿ112 ಚಿಪ್‌ನಲ್ಲಿ ಅಳೆಯುತ್ತಿದ್ದೇನೆ, ಕ್ಲಾಕ್ 10 ಮೆಗಾಹರ್ಟ್ಸ್. ಬೆಳಕು ಮಂದ ಇದ್ದರೆ ಇಂಟಿಗ್ರೇಷನ್ ಸಮಯ (ಒಂದು ರೀಡಿಂಗ್‌ಗೆ ಚಾರ್ಜ್ ಕೂಡಿಸಿಕೊಳ್ಳುವ ಸಮಯ) 1 ಮಿಲಿಸೆಕೆಂಡ್, ಜೋರಾದರೆ 100 ಮೈಕ್ರೋಸೆಕೆಂಡ್‌ಗೆ ಇಳಿಸುತ್ತೇನೆ. ಮೊದಲನೆಯದು ಸರಿಯಾಗಿದೆ. 100ಕ್ಕೆ ಇಳಿಸಿದರೆ ರೀಡಿಂಗ್ ಎರಡೆರಡಾಗಿ ಬಂದು ಮಧ್ಯೆ ದೊಡ್ಡ ಖಾಲಿ ಜಾಗ. ಮೋಡ್ ಆರಿಸುವ ರಿಜಿಸ್ಟರ್ (ಚಿಪ್ ಒಳಗಿನ ಸೆಟ್ಟಿಂಗ್ ಜಾಗ) ಎಲ್ಲಿದೆ ಅಂತ ಎರಡು ದಿನದಿಂದ ಹುಡುಕುತ್ತಿದ್ದೇನೆ, ಗೊತ್ತಿದ್ದವರು ಹೇಳಿ.

ಉತ್ತರ 1:
ಅಂಥ ರಿಜಿಸ್ಟರ್ ಇಲ್ಲ, ಪಿನ್ ಕೂಡ ಇಲ್ಲ. ಕಾನ್ವ್ (CONV) ಪಿನ್ನನ್ನು, ಅಂದರೆ ಯಾವ ಇಂಟಿಗ್ರೇಟರ್ ಚಾರ್ಜ್ ತುಂಬಿಸಿಕೊಳ್ಳಬೇಕು ಎಂದು ಹೇಳುವ ಪಿನ್ನನ್ನು, ನೀವು ಎಷ್ಟು ಬೇಗ ಮೇಲೆ ಕೆಳಗೆ ತಿರುಗಿಸುತ್ತೀರಿ ಅನ್ನುವುದರ ಮೇಲೆ ಚಿಪ್ ತಾನೇ ಮೋಡ್ ಬದಲಾಯಿಸಿಕೊಳ್ಳುತ್ತದೆ. ಪ್ರತಿ ಇನ್‌ಪುಟ್‌ಗೆ ಎ ಮತ್ತು ಬಿ ಅಂತ ಎರಡು ಇಂಟಿಗ್ರೇಟರ್ ಇವೆ. ಎ ಚಾರ್ಜ್ ತುಂಬಿಸಿಕೊಳ್ಳುವಾಗ ಬಿಯಲ್ಲಿ ಇದ್ದುದನ್ನು ಅಳೆದು, ಖಾಲಿ ಮಾಡಿ, ಸೊನ್ನೆಗೆ ತರಬೇಕು, ಇದಕ್ಕೆಲ್ಲ 4794 ಕ್ಲಾಕ್ ಪಲ್ಸ್ ಬೇಕು, ಅಂದರೆ ನಿಮ್ಮಲ್ಲಿ 479.4 ಮೈಕ್ರೋಸೆಕೆಂಡ್. ಅಷ್ಟು ಸಮಯ ಕೊಟ್ಟರೆ ನಿರಂತರ ಮೋಡ್. ಅದಕ್ಕಿಂತ ಮೊದಲೇ ತಿರುಗಿಸಿದರೆ ನಿರಂತರವಲ್ಲದ ಮೋಡ್: ಎ ತುಂಬುತ್ತದೆ, ಬಿ ತುಂಬುತ್ತದೆ, ಆಮೇಲೆ ಎರಡನ್ನೂ ಒಂದಾದ ಮೇಲೊಂದು ಅಳೆಯುವವರೆಗೂ ಬಂದ ಬೆಳಕು ಲೆಕ್ಕಕ್ಕೇ ಸಿಗುವುದಿಲ್ಲ. ನಿಮ್ಮ ಖಾಲಿ ಜಾಗ ಅದೇ.

ಉತ್ತರ 2:
ನನ್ನ ಕಥೆ ಕೇಳಿ. ನಾನು 485 ಮೈಕ್ರೋಸೆಕೆಂಡ್ ಇಟ್ಟು, ಕಾನ್ವ್ ಅನ್ನು ಸಾಫ್ಟ್‌ವೇರ್ ಇಂಟರಪ್ಟ್‌ನಿಂದ ತಿರುಗಿಸುತ್ತಿದ್ದೆ. ಆಗೊಮ್ಮೆ ಈಗೊಮ್ಮೆ ಒಂದು ಪಲ್ಸ್ 470ಕ್ಕೆ ಇಳಿಯುತ್ತಿತ್ತು, ಅಷ್ಟಕ್ಕೇ ಚಿಪ್ ನಿರಂತರವಲ್ಲದ ಮೋಡ್‌ಗೆ ಜಾರುತ್ತಿತ್ತು. ನಾನು ಸುಮ್ನೆ ಬೆಸುಗೆಯನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ. ಕೊನೆಗೆ ಹಾರ್ಡ್‌ವೇರ್ ಟೈಮರ್‌ಗೆ ಕೊಟ್ಟು 500ಕ್ಕೆ ಏರಿಸಿದ ಮೇಲೆ ನಿಂತಿತು.

ಪ್ರಶ್ನೆ ಕೇಳಿದವರು:
ಅರ್ಥವಾಯಿತು, ಧನ್ಯವಾದ. ಆದರೆ ನನಗೆ ಒಂದು ಚೂರು ಬೆಳಕೂ ತಪ್ಪಬಾರದು. ಕರೆಂಟ್ ಜಾಸ್ತಿ ಅಂದರೆ 1.2 ಮೈಕ್ರೋಆಂಪಿಯರ್ ಬರುತ್ತದೆ.

ಉತ್ತರ 1:
ಹಾಗಾದರೆ 100ಕ್ಕೆ ಇಳಿಯಲೇಬೇಡಿ. 500ರಲ್ಲೇ ನಿಂತು ರೇಂಜ್ (ಒಂದು ಸಲಕ್ಕೆ ಅಳೆಯಬಹುದಾದ ಗರಿಷ್ಠ ಚಾರ್ಜ್) ಬದಲಾಯಿಸಿ. ಒಳಗಿನ ದೊಡ್ಡ ರೇಂಜ್ 350 ಪಿಕೊಕೂಲಂಬ್, 500 ಮೈಕ್ರೋಸೆಕೆಂಡಿಗೆ 700 ನ್ಯಾನೋಆಂಪಿಯರ್ ತನಕ ಮಾತ್ರ ಸಾಲುತ್ತದೆ, ನಿಮಗೆ ಸಾಲದು. ಹೊರಗೆ 250 ಪಿಕೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಸುಮಾರು 1000 ಪಿಕೊಕೂಲಂಬ್, ಅಂದರೆ 2 ಮೈಕ್ರೋಆಂಪಿಯರ್ ಹತ್ತಿರ. ಎರಡೂ ಇನ್‌ಪುಟ್ ಬಳಸುವುದಾದರೆ ಒಟ್ಟು ನಾಲ್ಕು ಕೆಪಾಸಿಟರ್ ಬೇಕು, ಎ ಮತ್ತು ಬಿಗೆ ಬೇರೆ ಬೇರೆ. ಅವು ಹೂಬೇಹೂಬು ಒಂದೇ ಇರುವುದಿಲ್ಲ ಅಲ್ವಾ, ಹಾಗಾಗಿ ಅದೇ ಬೆಳಕಿಗೂ ರೀಡಿಂಗ್ ಮೇಲೆ ಕೆಳಗೆ ಆಡುತ್ತದೆ. ಕತ್ತಲೆಯ ರೀಡಿಂಗನ್ನೂ ಎಗೆ ಒಂದು, ಬಿಗೆ ಒಂದು ತೆಗೆದಿಟ್ಟು ಅವರವರದನ್ನೇ ಕಳೆಯಿರಿ. ರೇಂಜ್ ಬದಲಾಯಿಸಿದ ಮೇಲೆ ಬರುವ ಮೊದಲ ಒಂದೆರಡು ರೀಡಿಂಗ್ ನಂಬಬೇಡಿ, ನಾನಂತೂ ಬಿಸಾಡುತ್ತೇನೆ.